ಹೊಲಿಗೆಯಕ್ಕನ ಕಪಾಟು

ಬೀದಿಯವರೆಲ್ಲ ಅವಳನ್ನು ಹೊಲಿಗೆಯಕ್ಕ ಎನ್ನುತ್ತಿದ್ದರು. ತಮ್ಮನ ಮನೆಯಲ್ಲಿದ್ದಾಳೆ ಪಾಪ, ಎಂದೂ ಅವರೇ ಹೇಳುತ್ತಿದ್ದರು. ಆ ಮನೆ ಏಳುವಾಗ ಹಗಲಿರುಳು ಓಡಿದ್ದು ಯಾರ ಮೆಷಿನ್ ಎಂಬುದನ್ನು ಮಾತ್ರ ಎಲ್ಲರೂ ಜಾಣತನದಿಂದ ಮರೆತಿದ್ದರು. ಮದುವೆಯಾಗದ ಹೆಂಗಸು ತಾನು ಕಟ್ಟಿಸಿದ ಮನೆಯಲ್ಲೂ ನೆಂಟಳೇ, ನೋಡಿ.

ತಮ್ಮನಿಗೆ ಮಗು ಹುಟ್ಟಿದಾಗ ಮುಂದಿನ ಕೋಣೆಯಿಂದ ಅವಳ ಎತ್ತಂಗಡಿಯಾಯಿತು. ಮಗು ಓದುವಷ್ಟು ದೊಡ್ಡದಾದಾಗ ಮತ್ತೊಮ್ಮೆ. ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಮನೆಮನೆ ತಿರುಗಿದ ಹಾಗೆ ಅವಳೂ ಪುಸ್ತಕದ ಮೂಟೆಗಳನ್ನು ಎಳೆದುಕೊಂಡು ತಿರುಗಿದಳು. ಈಗ ಹಿಂದಿನ ಕೋಣೆಯ ಮೇಲೂ ಕಣ್ಣು ಬಿದ್ದಿತ್ತು.

"ಅಕ್ಕಾ, ನಂಗೊಂದು ಆಫೀಸ್ ರೂಮ್ ಬೇಕು. ನೀನು ಮೆಟ್ಟಿಲ ಕೆಳಗೆ ಮಲಗಿದ್ರೆ ಆಗಲ್ವಾ?" ಎಂದ ತಮ್ಮ. "ಮುಂದಿನ ತಿಂಗಳು ಸಾಗಿಸಿದ್ರಾಯ್ತು."

ಅವಳು ಮರುದಿನ ಪ್ಲೈವುಡ್ ಅಂಗಡಿಗೆ ಹೋದಳು.

ಬಟ್ಟೆ ಕತ್ತರಿಸುವ ಮುಂಚೆ ನಕ್ಷೆ ಬರೆಯುವ ಕಾಗದದ ಮೇಲೆ ಕಪಾಟಿನ ಚಿತ್ರವನ್ನೂ ಅವಳೇ ಬರೆದಳು. ಗೋಡೆಯ ಈ ತುದಿಯಿಂದ ಆ ತುದಿಗೆ, ನೆಲದಿಂದ ಹೆಚ್ಚುಕಡಿಮೆ ಸೂರಿನವರೆಗೆ. ನಡುವೆ ಒಂದು ನೆಟ್ಟಗಿನ ಹಲಗೆ. ಅದರ ಎಡಕ್ಕೆ ಎತ್ತರದ ಡಿಸೈನ್ ಪುಸ್ತಕಗಳು, ಬಲಕ್ಕೆ ರದ್ದಿ ಅಂಗಡಿಯಿಂದ ಹೆಕ್ಕಿ ತಂದ ಕಾದಂಬರಿಗಳು. ಅವಳು ಬರೆದುಕೊಟ್ಟ ಅಳತೆಗೆ ಅಂಗಡಿಯವನು ಹಲಗೆ ಕತ್ತರಿಸಿ ಕಳಿಸಿದ.

ಎಡವಿದ್ದು ಆ ಅಳತೆಯಲ್ಲೇ. ಬಟ್ಟೆಯ ಅಭ್ಯಾಸದಲ್ಲಿ ಟೇಪನ್ನು ಸರಿಯಾಗಿ ಅರ್ಧಕ್ಕೆ ಮಡಿಚಿ ಅಡ್ಡಹಲಗೆಗಳ ಉದ್ದ ಬರೆದುಬಿಟ್ಟಿದ್ದಳು. ಬಟ್ಟೆಗೆಲ್ಲಿಯ ದಪ್ಪ? ಪ್ಲೈವುಡ್ಡಿಗೆ ಇದೆ. ನಡುಹಲಗೆಯ ದಪ್ಪವನ್ನು ಕಳೆಯದೆ ಹೋದದ್ದರಿಂದ ಒಂದು ಅಡ್ಡಹಲಗೆಯೂ ಒಳಗೆ ಕೂರಲಿಲ್ಲ.

ತಮ್ಮ ಬಾಗಿಲಲ್ಲಿ ನಿಂತು ನಕ್ಕ. "ಅಂಗಿ ಹೊಲಿದ ಹಾಗಲ್ಲ ಅಕ್ಕಾ ಇದು."

"ಬಡಗಿನ ಕರೆಸೋಣ ಅತ್ತಿಗೆ," ಎಂದಳು ಅವನ ಹೆಂಡತಿ. "ಹಲಗೆ ತೆಗೆದು ಹಾಕೋ ಹಾಗೆ ಮಾಡ್ಕೊಡ್ತಾನೆ. ಆಮೇಲೆ ಸಾಗಿಸೋಕೂ ಸುಲಭ."

"ಸಾಗಿಸಿದ್ದು ಸಾಕು," ಎಂದಳು ಹೊಲಿಗೆಯಕ್ಕ. "ಗಿಡ್ಡ ಆಗಿದ್ರೆ ಅಳಬೇಕಿತ್ತು. ಉದ್ದ ಆಗಿರೋದನ್ನ ಕತ್ತರಿಸೋಕೆ ನಂಗೆ ಬರುತ್ತೆ."

ಗರಗಸ ಹಿಡಿದು ಕೂತಳು. ಅಂಗೈಯಲ್ಲಿ ಬೊಬ್ಬೆ ಎದ್ದವು, ಮನೆಯಿಡೀ ಮರದ ಪುಡಿ ಹಾರಿತು, ತಮ್ಮನ ಕಾಫಿಗೂ ಬಿತ್ತು. ಬೀಳಲಿ ಎಂದುಕೊಂಡಳು. ಇಷ್ಟು ವರ್ಷ ನುಂಗಿದ ಸಿಟ್ಟೆಲ್ಲ ಆ ಗರಗಸದ ಹಲ್ಲಿಗೆ ಬಂದಿತ್ತು. ಒಂದೊಂದೇ ಹಲಗೆಯನ್ನು ಸವರಿ ಕೂರಿಸಿದಳು, ಅಂಟು ಬಳಿದಳು, ಪಕ್ಕದಿಂದ ಸ್ಕ್ರೂ ಬಿಗಿದಳು. ಅಂಟು ಒಣಗಿದ ಮೇಲೆ ಹಲಗೆಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮೂಟೆ ಬಿಚ್ಚಿ ಪುಸ್ತಕ ಜೋಡಿಸುವಾಗ ಅವಳಿಗೆ ಹಾಡು ಗುನುಗುವಷ್ಟು ಖುಷಿಯಾಗಿತ್ತು.

ಹೇಳಿದಂತೆಯೇ ಮುಂದಿನ ತಿಂಗಳು ತಮ್ಮ ಒಂದು ಆಫೀಸ್ ಮೇಜು ಕೊಂಡು, ಹೊರಲು ಇಬ್ಬರು ಆಳುಗಳನ್ನೂ ಕರೆತಂದ. ಅವರು ಕಪಾಟಿನ ಸುತ್ತ ನೋಡಿದರು, ಬಾಗಿಲು ನೋಡಿದರು, ಬಾಗಿಲಾಚೆಯ ಇಕ್ಕಟ್ಟಾದ ಓಣಿ ನೋಡಿದರು.

"ಇದು ಈ ಬಾಗಿಲಲ್ಲಿ ಬರಲ್ಲ ಸಾರ್," ಎಂದ ಒಬ್ಬ. "ಓರೆ ಮಾಡಿದ್ರೂ ಓಣೀಲಿ ತಿರುಗಲ್ಲ."

"ಹಲಗೆ ಬಿಚ್ಚಿ."

"ಎಲ್ಲಾ ಅಂಟು ಹಾಕಿ ಕೂರಿಸಿದಾರೆ. ಒಡೆದೇ ತೆಗೀಬೇಕು. ಒಡೀಲಾ?"

ಹೊಲಿಗೆಯಕ್ಕ ಕಪಾಟಿಗೆ ಬೆನ್ನು ಕೊಟ್ಟು ನಿಂತಳು. ತಮ್ಮ ಆಳುಗಳಿಗೆ ಬೇಡವೆಂದು ಕೈಸನ್ನೆ ಮಾಡಿದ.

"ಅಲ್ಲಾ ಅಕ್ಕಾ," ಎಂದ ಕೊನೆಗೆ, "ಇಷ್ಟು ದೊಡ್ಡದು ಮಾಡೋವಾಗ ಬಾಗಿಲಿನ ಅಳತೆನಾದ್ರೂ ತಗೋಬಾರದಿತ್ತಾ?"

"ಎಲ್ಲಕ್ಕಿಂತ ಮೊದಲು ತಗೊಂಡಿದ್ದು ಅದನ್ನೇ ಕಣೋ," ಎಂದಳು ಅವಳು.