ಕರುಗಳ ಮುನಿಯಪ್ಪ

ಹಾಲಿನ ಪಾತ್ರೆಯ ಹೊರಮೈಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ತುಟಿಯಲ್ಲೇ ಎಣಿಸುತ್ತ ನಿಂತ ಮುನಿಯಪ್ಪನನ್ನು ಕಂಡರೆ ಯಾರಾದರೂ ಜಪ ಮಾಡುತ್ತಿದ್ದಾನೆ ಅಂದುಕೊಳ್ಳಬೇಕು. "ಒಂದು ಎಣಿಸೋಗಂಟ ಕೈ ತಡೀಬೇಕು, ಮೂರು ಎಣಿಸೋಗಂಟ ತಡೀಬಾರ್ದು. ಅದೇ ಹದ" ಎನ್ನುತ್ತಿದ್ದ. ಮೂರೋ ನಾಲ್ಕೋ, ಈಗ ಖಚಿತವಿಲ್ಲ. ಅವನು ಹದ ಅಂದಾಗಲೆಲ್ಲ ನನ್ನ ಥರ್ಮಾಮೀಟರ್ ನೂರ ನಲವತ್ತೈದರ ಹತ್ತಿರವೇ ತೋರಿಸುತ್ತಿತ್ತು. ಅದು ಖಚಿತ. ಮರೆಯಲು ನೋಡಿದ್ದೇನೆ, ಆಗಿಲ್ಲ.

ಐವತ್ತರ ದಶಕದ ಕೊನೆ. ಜಯನಗರದ ಮನೆಗಳು ಮುಗಿದು ಸಾರಕ್ಕಿಯ ಹೊಲಗಳು ಶುರುವಾಗುವಲ್ಲಿ ನಮ್ಮಪ್ಪನ ಕೊಟ್ಟಿಗೆಯಿತ್ತು. ಒಳ್ಳೆಯ ಹಾಲು ವಿಲ್ಸನ್ ಗಾರ್ಡನ್ನಿನವರೆಗೆ ಹೋಗುತ್ತಿತ್ತು. ಕೆಚ್ಚಲು ಬಾತ ಹಸುಗಳ ಮಾರಲಾಗದ ಹಾಲು ಕರುಗಳಿಗೆ. ಅದನ್ನು ಕುಡಿದ ಕರುಗಳು ಭೇದಿ ಹತ್ತಿ ಸಾಯುತ್ತಿದ್ದವು. ಬಿ.ಎಸ್ಸಿ. ಮುಗಿಸಿ ಬಂದ ನಾನು, ಆ ಹಾಲನ್ನು ನೂರ ನಲವತ್ತೈದು ಡಿಗ್ರಿ ಫ್ಯಾರನ್‌ಹೀಟಿಗೆ ಕಾಯಿಸಿ, ಅರ್ಧ ಗಂಟೆ ಅದೇ ಬಿಸಿಯಲ್ಲಿಟ್ಟು, ಆರಿಸಿ ಕುಡಿಸಬೇಕೆಂದು ಭಾಷಣ ಮಾಡಿದೆ. ಕರುಗಳನ್ನು ನೋಡಿಕೊಳ್ಳುತ್ತಿದ್ದ ಮುನಿಯಪ್ಪ ಪೂರ್ತಿ ಕೇಳಿಸಿಕೊಂಡ. ಎರಡೇ ವಾರದಲ್ಲಿ ಥರ್ಮಾಮೀಟರ್ ನೋಡುವುದನ್ನು ಬಿಟ್ಟ. "ಇದೆಲ್ಲ ಯಾಕೆ ಚಿಕ್ಕೆಜಮಾನ್ರೆ? ಕೈ ಐತಲ್ಲ."

ಕರುಗಳು ಸಾಯುವುದು ಕಮ್ಮಿಯಾಯಿತು. ಆದರೆ ಅವನು ಕೆಮ್ಮಿದರೂ ಸಾಕು, ಎಲ್ಲ ಎದ್ದು ನಿಲ್ಲುತ್ತಿದ್ದವು. ನಾನು ಹೋದರೆ ಕಿವಿಯೂ ಅಲ್ಲಾಡುತ್ತಿರಲಿಲ್ಲ. ನಾನು ಏನು ಹೇಳಲು ಹೋದರೂ ಅಪ್ಪನದು ಒಂದೇ ಉತ್ತರ: "ಮುನಿಯಪ್ಪನ್ನ ಕೇಳು." ಓದಿದವನು ನಾನು! ಹೊಟ್ಟೆಯುರಿ ಅನ್ನುವುದು ಬರೀ ಮಾತಲ್ಲ, ಹೊಟ್ಟೆಯಲ್ಲೇ ಉರಿಯುತ್ತದೆ ಎಂದು ಆಗ ತಿಳಿಯಿತು.

ಗೌರಿ ನಮ್ಮ ಅತ್ಯುತ್ತಮ ಹಸು. ಅದು ಗಬ್ಬವಾಗಿದ್ದಾಗ ಅಪ್ಪ ಹೇಳಿದರು: "ಈ ಕರು ನೀನೇ ಉಳಿಸು. ಉಳಿಸಿದ್ರೆ ಕೊಟ್ಟಿಗೆ ನಿನ್ನ ಕೈಗೆ. ಇಲ್ದಿದ್ರೆ ಯಾವ್ದಾದ್ರೂ ಆಫೀಸ್ ಸೇರ್ಕೋ."

ಕರು ಹುಟ್ಟಿದ ಬೆಳಿಗ್ಗೆ ಮುನಿಯಪ್ಪನನ್ನು ಬಾಗಿಲಾಚೆ ನಿಲ್ಲಿಸಿ, ಗಿಣ್ಣುಹಾಲು ಕರೆದು, ನಾನೇ ಒಲೆಗಿಟ್ಟೆ. ಥರ್ಮಾಮೀಟರಿನಿಂದ ಕಣ್ಣು ತೆಗೆಯಲಿಲ್ಲ. ಹಾಲು ಮಂದವಾಯಿತು, ಆಮೇಲೆ ಗಟ್ಟಿಯಾಯಿತು. ಕರು ಹುಲ್ಲಿನ ಮೇಲೆ ನಡುಗುತ್ತ ಬಿದ್ದಿತ್ತು.

ಮುನಿಯಪ್ಪ ಇಣುಕಿ ನೋಡಿದ. "ಗಿಣ್ಣು ಚೆನ್ನಾಗಿ ಕೂತದೆ ಚಿಕ್ಕೆಜಮಾನ್ರೆ. ಬೆಲ್ಲ, ಏಲಕ್ಕಿ ತರ್ಲಾ? ಕರುಗೂ ಒಂದು ಬಾಳೆಲೆ ಹಾಕ್ಬುಡಾನ."

ನಗುತ್ತಲೇ ಗೌರಿಯ ಕೆಚ್ಚಲು ತೊಳೆದು ಉಳಿದಿದ್ದನ್ನು ಚೊಂಬಿಗೆ ಕರೆದ. "ಈ ಹಾಲು ಕಾಯಿಸ್ಬಾರ್ದು. ತಾಯೇ ಕಾಯ್ಸಿ ಕೊಟ್ಟಿರ್ತಾಳೆ." ಕರುವಿನ ಬಾಯಿಗೆ ಎರಡು ಬೆರಳಿಟ್ಟು ಚೀಪಿಸುತ್ತ, ಹಾಲನ್ನು ಸ್ವಲ್ಪಸ್ವಲ್ಪವೇ ಇಳಿಸಿದ.

ಮಧ್ಯಾಹ್ನ ಅಪ್ಪ ಬಂದಾಗ ಕರು ಎದ್ದು ನಿಂತಿತ್ತು. "ಯಾರು ಕುಡಿಸಿದ್ದು?"

ನಿಜ ಹೇಳಲು ನಾನು ಬಾಯಿ ತೆರೆದೆ. ಹಾಗೆಂದು ನೆನಪು, ನನ್ನ ಪರವಾಗಿರುವ ನೆನಪುಗಳನ್ನು ನಾನು ಈಗ ನಂಬುವುದಿಲ್ಲ. "ಚಿಕ್ಕೆಜಮಾನ್ರೇ. ನಾನು ಚೊಂಬು ಹಿಡ್ಕಂಡಿದ್ದೆ, ಅಷ್ಟೆ" ಎಂದ ಮುನಿಯಪ್ಪ. ಕೊಟ್ಟಿಗೆ ನನ್ನ ಕೈಗೆ ಬಂತು. ಕರು ಮಾತ್ರ ಅವನ ಹಿಂದೆಯೇ ಸುತ್ತಿತು.

ಅರವತ್ತರ ದಶಕದಲ್ಲಿ ಜಮೀನು ಬಡಾವಣೆಗೆ ಹೋಗಿ ಹಸುಗಳನ್ನು ಮಾರಿದೆವು. ನಾನು ಮೇಷ್ಟ್ರಾದೆ. ಗೌರಿಯ ಕರು ಉಳಿಸಿದ್ದು ನಾನೇ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದೆನೆಂದರೆ, ಚೊಂಬು ನನ್ನ ಕೈಯಲ್ಲೇ ಇದ್ದಂತೆ ಕಾಣತೊಡಗಿತು.

ಕೊನೆಯ ಸಲ ಅವನು ಸಿಕ್ಕಿದ್ದು ಬನಶಂಕರಿಯ ಬಸ್ ಸ್ಟಾಪಿನಲ್ಲಿ. ಜೊತೆಗಿದ್ದ ಹೆಂಡತಿಗೆ ನನ್ನನ್ನು ತೋರಿಸಿ, "ಗೌರಿ ಕರು ಉಳಿಸಿದ್ರಲ್ಲ, ಇವ್ರೇ ಕಣಮ್ಮಿ" ಅಂದ. ಅವನ ಮುಖದಲ್ಲಿ ಅಣಕ ಹುಡುಕಿದೆ, ಸಿಗಲಿಲ್ಲ. ಅಷ್ಟು ಸಲೀಸಾಗಿ ಕೊಟ್ಟುಬಿಡುವ ಗುಣಕ್ಕೂ ಕರುಬಿದೆ. ಆಕೆ ಕೈ ಮುಗಿದರು. ನಾನು ಆ ನಮಸ್ಕಾರವನ್ನು ತೆಗೆದುಕೊಂಡೆ. ಬಸ್ಸು ಬಂತು, ಅವರು ಹತ್ತಿಕೊಂಡರು.

ಮುನಿಯಪ್ಪ ಈಗಿಲ್ಲ, ಅಪ್ಪನೂ ಇಲ್ಲ. ಆ ಬೆಳಗಿನ ಬಗ್ಗೆ ನಾನು ಏನು ಹೇಳಿದರೂ ಅಲ್ಲವೆನ್ನುವವರಿಲ್ಲ. ಹಾಲು ಕೆಡಿಸಿದವನು ನಾನು. ಕರು ಉಳಿಸಿದವನು ಮುನಿಯಪ್ಪ.