ಹಿಂದೆ ಬರುತ್ತಿದ್ದ ಕಾಯಿ

ಕಾಗಿಣಾ ಹೊಳೆತಾಯಿಯನ್ನು ನಂಬಿದ ಅಕ್ಕ ಅಣ್ಣಂದಿರೇ, ನನ್ನ ಮಗಳು ಶಾಂತಾಳನ್ನು ಮಣ್ಣು ಮಾಡಿದ್ದು ಮಳಖೇಡದ ಹತ್ತಿರ, ಹೊಳೆದಂಡೆಯ ನಮ್ಮ ಹೊಲದಲ್ಲಿ. ಏಳು ವರ್ಷದ ಕೂಸು, ಜ್ವರದಲ್ಲಿ ಹೋಯಿತು. ಆಗ ಸಮಾಧಿಯಿಂದ ದಂಡೆಯ ಅಂಚಿಗೆ ಮೂವತ್ತು ಹೆಜ್ಜೆ. ನಮ್ಮ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ಒಂದು ಮಹಾಪೂರ ಬಂತು. ಅಲ್ಲಿಂದ ಪ್ರತಿ ಮಳೆಗಾಲಕ್ಕೂ ದಂಡೆ ಕುಸಿಯತೊಡಗಿತು. ಇಪ್ಪತ್ತು ಹೆಜ್ಜೆ, ಹದಿನಾಲ್ಕು, ಕಡೆಗೆ ಒಂಬತ್ತು. ಇನ್ನೆರಡು ಮಳೆಗಾಲ ಕಳೆದರೆ ನನ್ನ ಕೂಸು ಹೊಳೆಯ ಪಾಲು.

ನಾನು ಮೊದಲಿನಿಂದಲೂ ಅನುಮಾನದ ಹೆಂಗಸು. ಅಂಗಡಿಯವನ ತಕ್ಕಡಿ ನಂಬುವುದಿಲ್ಲ. ಗಂಡ ಉಂಡೆ ಎಂದರೂ ಗಡಿಗೆ ತೆರೆದು ನೋಡುತ್ತೇನೆ. ಎದುರು ದಂಡೆಯಲ್ಲಿ, ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ಖರಬೂಜ ಬೆಳೆಯುವ ಮಹಿಬೂಬಸಾಬನೇ ಕದ್ದುಮುಚ್ಚಿ ಕಲ್ಲೊಟ್ಟಿ ನೀರು ನಮ್ಮ ಕಡೆ ತಿರುಗಿಸಿದ್ದಾನೆಂದು ನಿಶ್ಚಯ ಮಾಡಿಕೊಂಡೆ. ನನ್ನ ಹೊಲ ಕರಗಿದಷ್ಟೂ ಅವನ ಉಸುಕು ಬೆಳೆಯುತ್ತಿತ್ತಲ್ಲ!

ಸೇಡಂ ಬಸ್ಸು ಹತ್ತಿ ತಾಲೂಕು ಕಚೇರಿಗೆ ದೂರು ಕೊಡಲು ಹೋದೆ. "ಹೊಳಿ ಮ್ಯಾಲ ಕೇಸ್ ಹಾಕ್ಲಿಕ್ಕಿ ಬರ್ತದೇನವ್ವಾ?" ಎಂದು ಗುಮಾಸ್ತ ನಕ್ಕ.

ಶ್ರಾವಣದ ಒಂದು ಸೋಮವಾರ ಹೊಳೆಗೆ ಉಡಿ ತುಂಬಿ, ಕೂಸನ್ನು ಉಳಿಸಿಕೊಡು ತಾಯಿ ಎಂದು ಬೇಡಿ, ತೆಂಗಿನಕಾಯಿ ತೇಲಿಬಿಟ್ಟೆ. ಅದು ನಡುನೀರಿನವರೆಗೆ ಹೋಗಿ ತಿರುಗಿ ನನ್ನ ಕಾಲ ಬಳಿಯೇ ಬಂತು. ಮತ್ತೆ ಬಿಟ್ಟೆ, ಮತ್ತೆ ಬಂತು. ಮುಂದಿನ ಸೋಮವಾರವೂ ಹಾಗೇ. ತಾಯಿ ನನ್ನ ಉಡಿ ಒಲ್ಲೆ ಎಂದಳೆಂದು ಅಲ್ಲೇ ಕುಳಿತು ಅತ್ತೆ.

ಸಂತೆ ಮುಗಿಸಿ ಆ ಹಾದಿಯಲ್ಲಿ ಬರುತ್ತಿದ್ದ ಮಹಿಬೂಬಸಾಬ ನಿಂತು ನೋಡಿದ. "ಅಕ್ಕಾ, ಮ್ಯಾಲ ನಡು ಹೊಳ್ಯಾಗ ದೊಡ್ಡ ಜಾಲಿ ಗಿಡ ಸಿಕ್ಕೊಂಡದ ನೋಡ್ರಿ. ಮಹಾಪೂರದಾಗ ಬಂದದ್ದು. ನೀರು ಅದಕ್ಕ ಬಡದು ನಿಮ್ಮ ದಂಡಿಗೆ ತಿರಗಾಕತ್ತದ. ಕಾಯಿ ಅದಕ್ಕೇ ವಾಪಸ್ ಬರ್ತದ. ಬ್ಯಾಸಗ್ಯಾಗ ಎತ್ತು ಕಟ್ಟಿ ಎಳದು ಹಾಕ್ತೀನಿ."

"ಇದ್ರಾಗ ನಿಮಗೇನ್ರಿ ಫಾಯ್ದಾ?"

"ಕಟ್ಟಗಿ ಒಲಿಗಿ ಆಗ್ತದ್ರಿ."

ನನಗೆ ನಂಬಿಕೆ ಹುಟ್ಟಲಿಲ್ಲ. ಬೇಸಿಗೆಯಲ್ಲಿ ಅವನು ಎರಡು ಜೋಡಿ ಎತ್ತು ಕಟ್ಟಿ ಗಿಡ ಎಳೆಯುವಾಗ ಮೂರು ದಿನ ಬಿಸಿಲಲ್ಲಿ ಕಾವಲು ನಿಂತೆ. ಒಂದು ತಂಬಿಗೆ ನೀರು ಸಹ ಕೊಡಲಿಲ್ಲ.

ಮರುವರ್ಷ ಶ್ರಾವಣದಲ್ಲಿ ಬಿಟ್ಟ ಕಾಯಿ ಕಣ್ಮರೆಯಾಗುವವರೆಗೂ ಹೋಯಿತು. ಮಧ್ಯಾಹ್ನದವರೆಗೆ ಕಾದೆ, ಬರಲಿಲ್ಲ. ಹೊಳೆ ಇಳಿದ ಮೇಲೆ ಹೆಜ್ಜೆ ಎಣಿಸಿದೆ, ಒಂಬತ್ತು. ಮತ್ತೆ ಎಣಿಸಿದೆ, ಒಂಬತ್ತೇ. ಆಮೇಲೆ ಎದುರು ದಂಡೆ ನೋಡಿದೆ. ಖರಬೂಜದ ಉಸುಕು ಇದ್ದಲ್ಲಿ ಬರೀ ನೀರು. ಆ ಗಿಡದ ಮರೆಯಲ್ಲೇ ಅಲ್ಲವೇ ಆ ಉಸುಕು ನಿಂತಿದ್ದು!

ಮಹಿಬೂಬಸಾಬರಲ್ಲಿಗೆ ಓಡಿ ಹೋಗಿ ಕೇಳಿದೆ: "ಹಿಂಗಾಗ್ತದಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ ಅಕ್ಕಾ. ಖರಬೂಜ ಎಲ್ಲ್ಯಾರ ಬೆಳಕೋಬಹುದು. ಕೂಸಿನ್ನ ಎಷ್ಟ್ ಸಲ ಮಣ್ಣು ಮಾಡ್ತೀರಿ?"

ತಾಯಿ ನನ್ನ ಕಾಯಿಯನ್ನು ಹಿಂದೆ ಕಳಿಸಿದ್ದು ಆ ಪುಣ್ಯಾತ್ಮರ ಕಣ್ಣಿಗೆ ಬೀಳಲೆಂದೇ. ಈಗ ಪ್ರತಿ ಶ್ರಾವಣಕ್ಕೂ ಎರಡು ಕಾಯಿ ಬಿಡುತ್ತೇನೆ, ಒಂದು ಅವರ ಹೆಸರಿನಲ್ಲಿ. ಎರಡೂ ಕಣ್ಮರೆಯಾಗುವವರೆಗೆ ನಿಂತು ನೋಡಿಯೇ ಬರುತ್ತೇನೆ. ಹುಟ್ಟುಗುಣ ಎಲ್ಲಿ ಹೋಗಬೇಕು, ತಾಯಿ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಲಿ.