ಅತ್ತೆಯ ಪಾಲಿನ ನೀರು

ನಲ್ಲಿಯಲ್ಲಿ ಮೊದಲು ಗಾಳಿ ಬಂದು ಆಮೇಲೆ ನೀರು ಬರುತ್ತಿದ್ದ ಕಾಲ ಅದು. ರಾಜಾಜಿನಗರದ ನಮ್ಮ ಬೀದಿಗೆ ಬೆಳಗಾಗುತ್ತಿದ್ದುದೇ ಆ ಗಾಳಿಯ ಸದ್ದಿನಿಂದ. ಒಂದು ಮನೆಯ ನಲ್ಲಿ ಬುಸ್ಸೆಂದು ಉಸಿರು ಬಿಟ್ಟರೆ ಸಾಕು, ಬೀದಿಯುದ್ದಕ್ಕೂ ಬಿಂದಿಗೆಗಳ ಸದ್ದು ಶುರುವಾಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ಅಲ್ಲಿ ಬೆಳೆದವರಿಗೆ ಉಳಿದದ್ದು ನಾನು ಹೇಳಬೇಕಾಗಿಲ್ಲ. ಹಂಡೆಯ ಒಲೆಯ ಹೊಗೆ, ಕರಟ ಸುಟ್ಟ ವಾಸನೆ, ಬರಿಗಾಲಿಗೆ ತಣ್ಣಗೆ ತಾಗುವ ಗಾರೆ ನೆಲ. ಇದನ್ನೆಲ್ಲ ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವ ಗೆಳತಿಯರು ನನಗಿದ್ದಾರೆ. ನನಗೆ ಮಾತ್ರ ಆ ಬೆಳಗುಗಳು ನೆನಪಾದರೆ ಮೊದಲು ಬರುವುದು ಓಕರಿಕೆ.

ಕಾರಣ, ಉಷಃಪಾನ. ಈಗ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ದಿನಾ ಯಾರಾದರೊಬ್ಬರು ಸೂರ್ಯೋದಯದ ಚಿತ್ರದ ಜೊತೆ ಅದನ್ನೇ ಕಳಿಸುತ್ತಾರೆ. ಎದ್ದ ತಕ್ಷಣ ಖಾಲಿ ಹೊಟ್ಟೆಗೆ ನೀರು ಕುಡಿಯಿರಿ, ಸ್ಕಿನ್ ಗ್ಲೋ ಆಗುತ್ತೆ, ದಿನವಿಡೀ ಎನರ್ಜಿ ಇರುತ್ತೆ. ಕೆಳಗೆ ಕೈಮುಗಿದ ಬೊಂಬೆಗಳ ಸಾಲು. ನಾನು ಡಿಲೀಟ್ ಮಾಡುತ್ತೇನೆ. ನೀರು ಒಳ್ಳೆಯದಲ್ಲ ಎಂದು ನನ್ನ ವಾದವಲ್ಲ. ಕುಡಿದ ನೀರು ಆಮೇಲೆ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಯಾರೂ ಬರೆಯುವುದಿಲ್ಲವಲ್ಲ, ಅದು ನನಗೆ ಹೇಸಿಗೆ.

ನನಗಾಗ ಒಂಬತ್ತೋ ಹತ್ತೋ. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಮತ್ತು ಅಪ್ಪನ ತಂಗಿ ಸುಮಿತ್ರತ್ತೆ. ಅತ್ತೆ ಮೆಜೆಸ್ಟಿಕ್ ಹತ್ತಿರದ ಒಂದು ಪ್ರೈವೇಟ್ ಕಂಪನಿಯಲ್ಲಿ ಟೈಪಿಸ್ಟ್. ಕಾಫಿ ಬರುವುದರೊಳಗೆ ಮಣೆಯ ಅಂಚಿನ ಮೇಲೂ ಬೆರಳು ಕುಣಿಸುತ್ತಿದ್ದಳು. ಪಾಂಡ್ಸ್ ಪೌಡರೂ ಕಾರ್ಬನ್ ಪೇಪರೂ ಸೇರಿದ ಒಂದು ವಾಸನೆ ಅವಳದ್ದು. ಆಫೀಸೆಂದರೆ ಅವಳಿಗೆ ಪ್ರಾಣ. ಆದರೆ ಸಂಜೆ ಮನೆಗೆ ಬಂದವಳು ಯಾರೊಡನೆಯೂ ಮಾತಾಡದೆ, ಹೆಗಲಿನ ವ್ಯಾನಿಟಿ ಬ್ಯಾಗನ್ನೂ ಇಳಿಸದೆ, ನಡುಮನೆಯ ಮೂಲಕ ನೇರ ಹಿತ್ತಲಿಗೆ ಓಡುತ್ತಿದ್ದಳು. 'ಅತ್ತೆ ಎಕ್ಸ್‌ಪ್ರೆಸ್ ಬಂತು, ದಾರಿ ಬಿಡಿ' ಎಂದು ನಾನು ಕೂಗುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಯಾಕೆ ಓಡುತ್ತಾಳೆ ಎಂದು ಯಾರೂ ಕೇಳಲಿಲ್ಲ.

ಆ ಬೇಸಿಗೆಯ ಮೊದಲಲ್ಲಿ ಅತ್ತೆಯನ್ನು ನೋಡಲು ಒಂದು ಗಂಡಿನ ಕಡೆಯವರು ಬಂದರು. ಗಂಡಿನ ತಾಯಿ ಕೇಸರಿಬಾತು ಮುಗಿಸಿ, ತುಪ್ಪ ಹತ್ತಿದ ಅದೇ ಬೆರಳಿನಿಂದ ಅತ್ತೆಯ ಗಲ್ಲ ಎತ್ತಿ, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವ ಹಾಗೆ.

"ಹುಡುಗಿ ಲಕ್ಷಣವಾಗೇ ಇದಾಳೆ. ಆದ್ರೆ ಮುಖದಲ್ಲಿ ಕಳೆಯೇ ಇಲ್ವಲ್ಲ. ತುಟಿ ನೋಡಿ, ಹೇಗೆ ಒಡೆದಿದೆ! ಏನಾದ್ರೂ ಕಾಯಿಲೆ ಗೀಯಿಲೆ ಇದ್ಯಾ?"

ಅವರು ಹೋದ ಮೇಲೆ ಅತ್ತೆ ಗಲ್ಲದ ತುಪ್ಪವನ್ನು ಕಡಲೆಹಿಟ್ಟು ಹಾಕಿ ತಿಕ್ಕಿ ತೊಳೆದಳು. ಒಳಗೆ ವಿಚಾರಣೆ ನಡೆದಿತ್ತು. ಆಫೀಸಿನ ಉಷ್ಣಕ್ಕೆ ಮೈ ಒಣಗಿದೆ ಎಂದಳು ಅಜ್ಜಿ. ಅಪ್ಪ ಪೇಪರ್ ಮಡಚಿಟ್ಟು ತೀರ್ಪು ಕೊಟ್ಟರು.

"ಮುಂದಿನ ಸಂಬಂಧ ಬರೋದ್ರೊಳಗೆ ಮುಖ ಸರಿಹೋದ್ರೆ ಸರಿ. ಇಲ್ದಿದ್ರೆ ಕೆಲಸ ಬಿಡಿಸ್ಬಿಡ್ತೀನಿ. ಮನೇಲಿರ್ಲಿ."

ಅತ್ತೆಯ ಬೆರಳುಗಳು ಸುಮ್ಮನಾದವು.

ಮರುದಿನವೇ ಅಜ್ಜಿಯ ಚಿಕಿತ್ಸೆ ಶುರು. ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ತುಳಸಿ ಹಾಕುವುದು, ಬೆಳಿಗ್ಗೆ ಎದ್ದವಳೇ ಅದನ್ನು ಕುಡಿಯುವುದು. ಅತ್ತೆಗೆ ಒಂದು ಚೊಂಬು. 'ಚಿಕ್ಕೋಳಿಗೂ ಈಗಿಂದ್ಲೇ ಅಭ್ಯಾಸ ಆಗ್ಲಿ' ಎಂದು ನನಗೊಂದು ಲೋಟ. ಹಲ್ಲುಜ್ಜುವಂತಿಲ್ಲ. ಬಾಯಿ ಮುಕ್ಕಳಿಸುವಂತೆಯೂ ಇಲ್ಲ.

"ರಾತ್ರಿಯ ಎಂಜಲಲ್ಲೇ ಇರೋದು ಶಕ್ತಿ. ಅದು ಹೊಟ್ಟೆಗೆ ಹೋಗ್ಬೇಕು," ಎನ್ನುತ್ತಿದ್ದಳು ಅಜ್ಜಿ.

ಇದೇ ಅಜ್ಜಿ ಲೋಟಕ್ಕೆ ತುಟಿ ತಾಗಿದರೆ ಹುಣಿಸೆಹಣ್ಣು ಹಾಕಿ ಮತ್ತೆ ತೊಳೆಸುತ್ತಿದ್ದವಳು. 'ಎತ್ತಿ ಕುಡಿಯೇ' ಎಂದು ನನ್ನ ಮೊಣಕೈಗೆ ಹೊಡೆದು ಹೊಡೆದು ಕಲಿಸಿದವಳು. ಹಗಲೆಲ್ಲ ಮುಟ್ಟಬಾರದ ಎಂಜಲು ಬೆಳಗಿನ ಜಾವಕ್ಕೆ ಹೇಗೆ ಔಷಧಿಯಾಗುತ್ತಿತ್ತೋ, ನನ್ನ ಕಾನ್ವೆಂಟ್ ತಲೆಗೆ ಹೊಳೆಯಲಿಲ್ಲ. ಹೈಜೀನ್ ಪಾಠ ಬಾಯಿಪಾಠ ಮಾಡಿದ್ದ ಮಗು ನಾನು. ಆ ನೀರಿನ ರುಚಿ ಹೇಳುತ್ತೇನೆ, ಕೇಳಿ. ಹಳೇ ಕಾಸು ನೆಕ್ಕಿದ ಹಾಗೆ ಮೊದಲು. ಅದರ ಹಿಂದೆ ರಾತ್ರಿ ತಿಂದ ಹುಳಿಯ ಹಳಸಲು. ಆಮೇಲೆ ಅಂಗುಳಿಗೆ ಅಂಟಿಕೊಳ್ಳುವ, ಕಪ್ಪಾಗಿ ಲೋಳೆಯಾದ ತುಳಸಿ ಎಲೆ. ಒಂದೊಂದು ದಿನ ತೇಲುವ ಇರುವೆ. ಗಂಟಲಲ್ಲಿ ಬೆಚ್ಚಗೆ ಇಳಿಯುತ್ತಿತ್ತು, ಯಾರೋ ಆಗಲೇ ಒಮ್ಮೆ ಕುಡಿದುಬಿಟ್ಟ ನೀರಿನ ಹಾಗೆ.

ಹಿತ್ತಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಅಜ್ಜಿ ಕಾವಲು ಕೂರುತ್ತಿದ್ದಳು. ಎರಡನೆಯ ದಿನವೋ ಮೂರನೆಯ ದಿನವೋ, ಬೀದಿಯಲ್ಲಿ ನಲ್ಲಿ ಬುಸ್ಸೆಂದಿತು. ಅಜ್ಜಿ ಬಿಂದಿಗೆ ಹಿಡಿದು ಮುಂದಕ್ಕೆ ಓಡಿದಳು. ಅತ್ತೆ ತುಟಿಗಿಟ್ಟಿದ್ದ ಚೊಂಬನ್ನು ಇಳಿಸಿ ನನ್ನ ಮುಂದೆ ಹಿಡಿದಳು.

"ಪುಟ್ಟಿ, ನನ್ನ ಪಾಲಿಂದೂ ನೀನೇ ಕುಡಿದ್ಬಿಡೇ."

"ಛೀ! ನಿನ್ನ ಎಂಜಲಾ?"

"ತುಟಿಗೆ ತಾಗ್ಸಿದೀನಿ ಅಷ್ಟೇ ಕಣೇ, ಕುಡ್ದಿಲ್ಲ."

"ಚೆಲ್ಬಿಡು ಮತ್ತೆ."

"ಎಲ್ಲಿ ಚೆಲ್ಲಲಿ? ನೆಲ ಒಣಗಿದೆ, ಒಂದು ಹನಿ ಬಿದ್ರೂ ನಮ್ಮಮ್ಮನಿಗೆ ಗೊತ್ತಾಗತ್ತೆ."

"ಅಜ್ಜಿಗೆ ಹೇಳ್ತೀನಿ."

"ಹೇಳು ಹೋಗು. ನಾಳೆಯಿಂದ ನಿನ್ನ ಇಂಗ್ಲಿಷ್ ಪೊಯಮ್ ಆ ಅಜ್ಜಿ ಹತ್ರಾನೇ ಹೇಳಿಸ್ಕೋ."

ಆಮೇಲೆ ಅವಳ ದನಿ ಇಳಿಯಿತು. ಆಫೀಸಿನಲ್ಲಿ ಇರುವುದು ಒಂದೇ ಕಕ್ಕಸು, ಅದು ಗಂಡಸರದ್ದು, ಅದಕ್ಕೆ ಚಿಲಕವಿಲ್ಲ ಎಂದಳು. ಅದಕ್ಕೇ ಬೆಳಿಗ್ಗೆ ಅರ್ಧ ಲೋಟ ಕಾಫಿ ಬಿಟ್ಟರೆ ಸಂಜೆಯವರೆಗೆ ಬಾಯಿಗೆ ಒಂದು ಹನಿ ಹಾಕುವುದಿಲ್ಲವಂತೆ. ಮಧ್ಯಾಹ್ನದ ಅವಲಕ್ಕಿಯನ್ನೂ ನೀರಿಲ್ಲದೆ ಅಗಿದು ನುಂಗುತ್ತಾಳಂತೆ.

"ಇಷ್ಟು ನೀರು ಕುಡ್ದು ಹೋದ್ರೆ ನಾನು ಅಲ್ಲಿ ಏನ್ಮಾಡ್ಲಿ, ಹೇಳು?"

"ಅಪ್ಪಂಗೆ ಹೇಳು."

"ಇದನ್ನ ಅಣ್ಣನ ಮುಂದೆ ಹೇಳಕ್ಕಾಗತ್ತೇನೇ? ಹೇಳಿದ್ರೆ ನಾಳೇನೇ ಬಿಡಿಸ್ತಾನೆ."

ಕುಡಿದರೆ ಆಫೀಸಿನಲ್ಲಿ ಕೂರಲಾಗದು, ಕುಡಿಯದಿದ್ದರೆ ಮನೆಯವರು ಕೂರಿಸಿಬಿಡುತ್ತಾರೆ. ನಾನು ಮೂಗು ಹಿಡಿದುಕೊಂಡು ಕುಡಿದೆ. ಅವಳ ಎಂಜಲು, ನನ್ನ ಎಂಜಲು, ತಾಮ್ರ, ತುಳಸಿ, ಎಲ್ಲ ಒಟ್ಟಿಗೆ. ಅರ್ಧ ಕುಡಿಯುವಷ್ಟರಲ್ಲಿ ಓಕರಿಸಿದೆ. ಅತ್ತೆ ಬೆನ್ನು ಸವರುತ್ತ, "ಕಕ್ಕಬೇಡ್ವೇ, ನನ್ನ ಚಿನ್ನ, ಕಕ್ಕಿದ್ರೆ ನೆಲ ಒದ್ದೆ ಆಗತ್ತೆ," ಎಂದಳು. ಅಷ್ಟು ಪ್ರೀತಿಯಿಂದ ಅಷ್ಟು ಅಸಹ್ಯದ ಮಾತನ್ನು ನನಗೆ ಯಾರೂ ಹೇಳಿಲ್ಲ.

ಹೀಗೇ ಹಲವು ವಾರ ನಡೆಯಿತು. ಸ್ಕೂಲಿಗೆ ಹೊರಡುವ ಮುಂಚೆ ಹಿತ್ತಲಿಗೆ ಹೋಗಿ ಬರುವುದು ನನ್ನ ಉಪಾಯ. ಒಂದು ಬೆಳಿಗ್ಗೆ ಸಿಟಿ ಬಸ್ಸು ತಿರುವಿನಲ್ಲಿ ಕಂಡುಬಿಟ್ಟಿತು, ಅಮ್ಮ ಚೀಲ ಹೆಗಲಿಗೆ ಹಾಕಿ ಹೊರಗೆ ತಳ್ಳಿದಳು. ಅಂದು ಸ್ಕೂಲಿನಲ್ಲಿ ಯಾವುದೋ ಹಬ್ಬ. ಅಸೆಂಬ್ಲಿ ಮುಗಿಯಲೇ ಇಲ್ಲ. ಪ್ರೇಯರ್, ಹಿಮ್ ಹಾಡು, ಸ್ಪೀಚ್, ಮತ್ತೆ ಹಿಮ್. ನಾನು ಕಾಲು ಹೆಣೆದುಕೊಂಡು ನಿಂತಿದ್ದೆ.

"ಸಿಸ್ಟರ್, ಮೇ ಐ ಗೋ ಔಟ್?"

"ನಾಟ್ ಬಿಫೋರ್ ರಿಸೆಸ್, ಚೈಲ್ಡ್. ಆಫರ್ ಇಟ್ ಅಪ್."

ದೇವರಿಗೆ ಅರ್ಪಿಸು ಎಂದರು. ಅರ್ಪಿಸಿದೆ. ಬಿಳೀ ಕಾಲುಚೀಲದೊಳಕ್ಕೆ ಬೆಚ್ಚಗೆ ಇಳಿದು, ಪಾಲಿಶ್ ಮಾಡಿದ ನೆಲದ ಮೇಲೆ ಮುಂದಿನ ಸಾಲಿನವರೆಗೂ ಹರಿಯಿತು. ಮುಂದಿನ ಹುಡುಗಿ 'ಯಕ್' ಎಂದು ಷೂ ಎತ್ತಿಕೊಂಡಳು. ಆ 'ಯಕ್' ಇವತ್ತಿಗೂ ನನ್ನ ಕಿವಿಯಲ್ಲಿದೆ.

ಯಾರದೋ ಸ್ಕರ್ಟ್ ಉಡಿಸಿ ಸ್ಕೂಲಿನ ಆಯಾ ನನ್ನನ್ನು ಮನೆಗೆ ತಂದು ಬಿಟ್ಟಳು. ಅಜ್ಜಿ ಬಿಸಿನೀರು ಹೊಯ್ಯುತ್ತ ಕೇಳಿದಳು. "ನಾನು ಕೊಟ್ಟಿದ್ದು ಒಂದು ಲೋಟ. ಅಷ್ಟಕ್ಕೆ ಇಷ್ಟಾ?" ನನಗೆ ಅಳು ತಡೆಯಲಾಗಲಿಲ್ಲ. "ಅತ್ತೇದೂ ನಾನೇ ಕುಡೀತಿದೀನಿ," ಎಂದುಬಿಟ್ಟೆ. ಕಕ್ಕಸಿನದೂ, ಚಿಲಕದ್ದೂ, ಒಣ ಅವಲಕ್ಕಿಯದೂ ಎಲ್ಲ ಹೊರಬಂತು. ಅಜ್ಜಿ ತಂಬಿಗೆ ಕೆಳಗಿಟ್ಟಳು. ಬೈಯಲಿಲ್ಲ.

ಅಪ್ಪನಿಗೆ ಅವಳು ಹೇಳಲಿಲ್ಲ. ಆ ಶನಿವಾರ ಸ್ಕೂಲಿಗೆ ರಜ. ಅಜ್ಜಿ ಮಡಿಸೀರೆ ಬಿಟ್ಟು ಬೇರೆ ಸೀರೆ ಉಟ್ಟು, ನನ್ನ ಕೈ ಹಿಡಿದು, ಅತ್ತೆಯ ಜೊತೆಗೇ ಬಸ್ಸು ಹತ್ತಿದಳು. "ಅಮ್ಮ, ನಿನ್ನ ಕಾಲಿಗೆ ಬೀಳ್ತೀನಿ, ಬರಬೇಡ, ಮಾನ ಹೋಗತ್ತೆ," ಎಂದು ಅತ್ತೆ ದಾರಿಯುದ್ದಕ್ಕೂ ಗೋಗರೆದಳು. ಅಜ್ಜಿ ಕಿಟಕಿಯಿಂದಾಚೆ ನೋಡುತ್ತಿದ್ದಳು.

ಆಫೀಸು ಎರಡನೇ ಮಹಡಿ. ಮೆಟ್ಟಿಲು ತಿರುಗುವಲ್ಲೇ ಆ ಕಕ್ಕಸು. ಅಜ್ಜಿ ಸೆರಗು ಮೂಗಿಗೆ ಒತ್ತಿಕೊಂಡು ಬಾಗಿಲು ತಳ್ಳಿದಳು. ವಿವರಿಸಬಾರದು, ಆದರೂ ವಿವರಿಸುತ್ತೇನೆ. ಗೋಡೆಯ ಮೊಳಕಾಲೆತ್ತರದವರೆಗೆ ಹಳದಿ ಹಸಿರು ಪಾಚಿ, ಮೇಲೆ ಎಲೆಅಡಿಕೆಯ ಉಗುಳು. ತುಂಬಿ ನಿಂತ ನೀರಿನಲ್ಲಿ ಬೀಡಿ ತುಂಡುಗಳು. ಚಿಲಕ ಇರಬೇಕಾದ ಜಾಗದಲ್ಲಿ ಒಂದು ತೂತು. ಆ ವಾಸನೆ ಕಣ್ಣಿಗೇ ಬಡಿಯಿತು. ನಾನು ಮೆಟ್ಟಿಲ ಮೇಲೇ ಕಕ್ಕಿದೆ. ಈ ಸಲ ಯಾರೂ ಬೇಡವೆನ್ನಲಿಲ್ಲ.

ಮ್ಯಾನೇಜರು ಮರ್ಯಾದಸ್ಥರೇ. ಅಜ್ಜಿಗೆ ಕುರ್ಚಿ ಹಾಕಿಸಿದರು.

"ಇಲ್ಲೀವರೆಗೆ ಯಾವ ಲೇಡಿ ಸ್ಟಾಫೂ ಕಂಪ್ಲೇಂಟ್ ಮಾಡಿಲ್ಲಮ್ಮ. ಎಲ್ರೂ ಅಡ್ಜಸ್ಟ್ ಮಾಡ್ಕೋತಾರೆ."

"ನಿಮ್ಮ ಮನೇಲಿ ಹೆಂಗಸರು ಎಲ್ಲಿಗೆ ಹೋಗ್ತಾರಪ್ಪ?"

ಮ್ಯಾನೇಜರು ಕೆಂಪಾದರು.

"ನೋಡಿ, ಕಷ್ಟ ಆದ್ರೆ ಬಿಟ್ಬಿಡ್ಲಿ ಅವ್ರು. ಟೈಪಿಸ್ಟ್‌ಗಳಿಗೇನು ಬರ? ಗಂಡು ಹುಡುಗ್ರೇ ಬೇಕಾದಷ್ಟು ಸಿಗ್ತಾರೆ."

ಕಿಟಕಿಯ ಪಕ್ಕದ ಮೇಜಿನಲ್ಲಿ, ಎಲ್ಲರಿಗೆಂದು ಇಟ್ಟ ನೀರಿನ ಹೂಜಿಯ ಎದುರು, ಅತ್ತೆ ತಲೆ ತಗ್ಗಿಸಿ ಕೂತಿದ್ದಳು. ಅಜ್ಜಿ ಅವಳನ್ನೂ ಆ ಮೇಜನ್ನೂ ಒಂದು ಗಳಿಗೆ ನೋಡಿದಳು. ಎದ್ದು ನಿಂತಳು.

"ಯಾಕೆ ಬಿಡ್ತಾಳೆ? ಅವಳು ಬಿಡೋದಿಲ್ಲ," ಎಂದವಳೇ ನನ್ನನ್ನು ಎಳೆದುಕೊಂಡು ಮೆಟ್ಟಿಲಿಳಿದಳು.

ಮನೆಗೆ ಬಂದು ತಲೆಗೆ ಸ್ನಾನ ಮಾಡಿದಳು. ಸಂಜೆ ಅಪ್ಪನಿಗೆ ಹೇಳಿದ್ದು ಒಂದೇ ಮಾತು. "ಇನ್ನು ಅವಳ ಕೆಲಸದ ತಂಟೆಗೆ ಬರಬೇಡ." ಅಪ್ಪ ಕಾರಣ ಕೇಳಿದಾಗ, "ಹೆಂಗಸರ ವಿಷಯ," ಎಂದು ಒಳಗೆ ಹೋದಳು. ಅತ್ತೆಯನ್ನು ಹಿತ್ತಲಿಗೆ ಕರೆದು ನನ್ನೆದುರೇ ಹೇಳಿದಳು.

"ಕೆಲಸ ಬಿಡಬೇಡ ಕಣೇ. ನೀರು ಬಿಡು."

ಅತ್ತೆ ಅಜ್ಜಿಯನ್ನು ತಬ್ಬಿಕೊಂಡು ಅತ್ತಳು. ನಾನು ಕುಣಿದೆ, ನನ್ನ ಲೋಟವೂ ತಪ್ಪಿತಲ್ಲ. ಆ ಭಾನುವಾರ ನಮಗೆಲ್ಲ ಹೋಟೆಲ್ಲಿನ ಮಸಾಲೆ ದೋಸೆ. ಗೆದ್ದೆವೆಂದೇ ತಿಳಿದಿದ್ದೆವು. ಒಂದು ಚಿಲಕ ಹಾಕಿಸಲಿ, ಹೆಂಗಸರಿಗೆ ಬೇರೆ ಕಕ್ಕಸು ಕಟ್ಟಿಸಲಿ ಎಂದು ಮತ್ತೆ ಹೋಗಿ ಕೇಳಲು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಕಕ್ಕಸು ಹಾಗೇ ಇರಬಹುದು, ಹೆಂಗಸು ಬದಲಾಗಬೇಕು. ಅಷ್ಟು ಸಹಜವಾಗಿತ್ತು ಅದು. ನನಗೆ ಈಗ ಹೇಸಿಗೆಯಾಗುವುದು ಆ ಪಾಚಿಗಿಂತ ಹೆಚ್ಚಾಗಿ ನಮ್ಮ ಆ ಸಂತೋಷವನ್ನು ನೆನೆದು.

ಅತ್ತೆಗೆ ಮದುವೆಯೂ ಆಯಿತು, ಕಳೆಯಿಲ್ಲದ ಅದೇ ಮುಖಕ್ಕೆ. ಬಸವೇಶ್ವರನಗರದ ಮಾವ ಒಳ್ಳೆಯವರು. ರಿಟೈರ್ ಆಗುವವರೆಗೂ ಅದೇ ಆಫೀಸಿನಲ್ಲಿ ದುಡಿದಳು. ಯಾವಾಗಲೋ ಹೆಂಗಸರಿಗೆಂದು ಬೇರೆ ಕಕ್ಕಸು ಕಟ್ಟಿಸಿದರಂತೆ. ಅಷ್ಟರಲ್ಲಿ ಹಗಲು ಬಾಯಾರುವುದೇ ಅವಳಿಗೆ ಮರೆತುಹೋಗಿತ್ತು. ಆಗಾಗ ಜ್ವರ, ಉರಿ, ಕಿಬ್ಬೊಟ್ಟೆ ನೋವು. 'ಲೇಡೀಸ್ ಪ್ರಾಬ್ಲಂ' ಎಂದು ಮಾತ್ರೆ ನುಂಗಿ ಬಸ್ಸು ಹತ್ತುತ್ತಿದ್ದಳು.

ಕೊನೆಗೆ ವಿಜಯನಗರದ ಆಸ್ಪತ್ರೆಯಲ್ಲಿ ಎರಡೂ ಕಿಡ್ನಿ ಸೋತಿವೆ ಎಂದರು. ಶುಗರ್, ವಯಸ್ಸು ಎಂದರು ಡಾಕ್ಟರು. ನಾನು ಎದುರಾಡಲಿಲ್ಲ. ದಿನಕ್ಕೆ ಇಷ್ಟೇ ನೀರು ಎಂದು ನರ್ಸ್ ಸಣ್ಣ ಲೋಟದಲ್ಲಿ ಅಳೆದು ಕೊಡುತ್ತಿದ್ದಳು. ಉಳಿದ ಹೊತ್ತು ನಾನು ಒದ್ದೆ ಹತ್ತಿಯಿಂದ ಅತ್ತೆಯ ತುಟಿ ಒರೆಸುತ್ತಿದ್ದೆ.

"ತುಂಬಾ ಬಾಯಾರ್ತಿದ್ಯಾ ಅತ್ತೆ?"

"ಬಿಡೇ ಪುಟ್ಟಿ. ನಂಗೇನು ಹೊಸದಾ?"

ನಕ್ಕಳು. ಆ ವಾರವೇ ಹೋದಳು.

ಆ ಬೀದಿ, ಆ ಹಿತ್ತಲು ಈಗಿಲ್ಲ. ಅವಕ್ಕಾಗಿ ನಾನು ಅಳುವವಳಲ್ಲ. ನನ್ನ ಲೆಕ್ಕದಲ್ಲಿ ಕಳೆದುಹೋದದ್ದು ಬೇರೆಯೇ. ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತ ಒಬ್ಬ ಹೆಂಗಸು, ಎದುರಿಗೆ ಹೂಜಿ ತುಂಬ ತಣ್ಣನೆಯ ನೀರಿದ್ದರೂ, ಅಷ್ಟು ವರ್ಷಗಳ ಅಷ್ಟು ಮಧ್ಯಾಹ್ನಗಳಲ್ಲಿ ಕುಡಿಯದೇ ಬಿಟ್ಟ ನೀರು. ಅದನ್ನು ಈಗ ಅವಳಿಗೆ ಯಾರು ಕುಡಿಸುತ್ತಾರೆ?